ಸಾಲಪತ್ರದ ಹಿಂದಿನ ಲೆಕ್ಕ

ಬಸದಿಯಲ್ಲಿ ಕೈಮುಗಿದು ನಿಂತಾಗ ಧರ್ಮವನ್ನು ನೆನೆಯುವುದು ಸುಲಭ. ಅಂಗಡಿಯ ಗಾದಿಯ ಮೇಲೆ ಕುಳಿತು ಕೀರ್ದಿ ಬರೆಯುವಾಗ ಅದನ್ನು ನೆನೆಯುವುದು ಕಷ್ಟ. ವ್ಯಾಪಾರವನ್ನು ವೃತ್ತಿಯಾಗಿ ಹಿಡಿದ ಮನೆತನಗಳ ಹಿರಿಯರಿಗೆಲ್ಲ ಈ ಅನುಭವ ಉಂಟು. ಆದರೆ ವ್ಯಾಪಾರಸ್ಥರ ನಡುವಿನ ವ್ಯಾಜ್ಯಗಳನ್ನು ತೀರ್ಮಾನಿಸಲು ನ್ಯಾಯಾಸನದ ಮೇಲೆ ಕುಳಿತವನ ಕಷ್ಟ ಇದಕ್ಕಿಂತಲೂ ಹೆಚ್ಚಿನದು. ಅವನ ಮುಂದೆ ಬರುವ ಉಭಯ ಪಕ್ಷದವರೂ ಕಾಗದ ಪತ್ರಗಳನ್ನು ಹಿಡಿದೇ ಬರುತ್ತಾರೆ. ಸಹಿ ನಿಜವಿರುತ್ತದೆ, ಸಾಕ್ಷಿಗಳೂ ಇರುತ್ತಾರೆ, ಮೊಬಲಗು ಸ್ಪಷ್ಟವಾಗಿ ಬರೆದಿರುತ್ತದೆ. ಆದರೂ ಆ ಪತ್ರ ಹೇಳುವುದು ಸತ್ಯವಾಗಿರದೆ ಹೋಗಬಹುದು. ಪತ್ರವನ್ನು ಓದಿ ತೀರ್ಪು ಕೊಡುವ ನ್ಯಾಯಾಧೀಶರು ಅನೇಕರು. ಪತ್ರದ ಹಿಂದೆ ನಡೆದ ವ್ಯವಹಾರವನ್ನು ಓದುವ ತಾಳ್ಮೆಯುಳ್ಳವರು ವಿರಳ. ಅಂಥ ವಿರಳರಲ್ಲಿ ಒಬ್ಬರು ಮಹಾದೇವ ಗೋವಿಂದ ರಾನಡೆಯವರು.

ರಾನಡೆಯವರ ಹೆಸರನ್ನು ಸಮಾಜ ಸುಧಾರಕರೆಂದೂ ರಾಷ್ಟ್ರೀಯ ಚಳವಳಿಯ ಆದ್ಯರಲ್ಲಿ ಒಬ್ಬರೆಂದೂ ಎಲ್ಲರೂ ಬಲ್ಲರು. ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಸಾಲಗಾರ ಮತ್ತು ಸಾಹುಕಾರರ ನಡುವಿನ ಲೆಕ್ಕಗಳನ್ನು ಬಿಡಿಸುವ ನ್ಯಾಯಾಧೀಶರಾಗಿ ಕಳೆದರೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸದ್ಗೃಹಸ್ಥರಿಗೆ ಅವರು ದೂರದವರೂ ಅಲ್ಲ. ಈ ಸೀಮೆಯೆಲ್ಲ ಅಂದು ಮುಂಬಯಿ ಪ್ರಾಂತ್ಯದಲ್ಲಿಯೇ ಇತ್ತು. ಇಲ್ಲಿಯ ವ್ಯಾಜ್ಯಗಳ ಕಡೆಯ ಮೇಲ್ಮನವಿ ಮುಂಬಯಿಯ ಹೈಕೋರ್ಟಿಗೇ ಹೋಗುತ್ತಿತ್ತು. ರಾನಡೆಯವರು ವಿಶೇಷ ನ್ಯಾಯಾಧೀಶರಾಗಿ ಸುತ್ತಾಡಿದ ಸೊಲ್ಲಾಪುರ ಜಿಲ್ಲೆ ವಿಜಯಪುರದ ನೆರೆಯದು. ಕನ್ನಡ ಮನೆಮಾತಿನ ಸಾವಿರಾರು ಕುಟುಂಬಗಳಿಗೆ ಅದು ಅಂದೂ ಇಂದೂ ನೆಲೆ.

ರಾನಡೆಯವರು 1842ರ ಜನವರಿ 18ರಂದು ನಾಸಿಕ ಜಿಲ್ಲೆಯ ನಿಫಾಡದಲ್ಲಿ ಜನಿಸಿದರು. ತಂದೆ ಗೋವಿಂದರಾಯರು ಕೊಲ್ಲಾಪುರದಲ್ಲಿ ನೌಕರಿಯಲ್ಲಿದ್ದುದರಿಂದ ಬಾಲ್ಯದ ಬಹುಭಾಗ ಅಲ್ಲಿಯೇ ಕಳೆಯಿತು. ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾಲಯದ ಮೊದಲ ಪದವೀಧರರ ಸಾಲಿಗೆ ಸೇರಿ, 1864ರಲ್ಲಿ ಎಂ.ಎ. ಪದವಿಯನ್ನೂ 1866ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಅನಂತರದ ಎರಡು ಮೂರು ವರ್ಷಗಳಲ್ಲಿ ಅವರು ಕೆಲಕಾಲ ಅಕ್ಕಲಕೋಟೆ ಸಂಸ್ಥಾನದ ಕಾರಭಾರಿಯಾಗಿಯೂ, ಬಳಿಕ ಕೊಲ್ಲಾಪುರ ಸಂಸ್ಥಾನದ ನ್ಯಾಯಾಧೀಶರಾಗಿಯೂ ದುಡಿದರು. ಹೀಗೆ ಅವರ ಆಡಳಿತ ಮತ್ತು ನ್ಯಾಯದಾನದ ಮೊದಲ ಪಾಠಗಳು ಕನ್ನಡ ನಾಡಿನ ಅಂಚಿನ ಊರುಗಳಲ್ಲಿಯೇ ಆದವು. ಮುಂದೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, 1871ರಲ್ಲಿ ಪುಣೆಯ ಪ್ರಥಮ ದರ್ಜೆಯ ಸಬ್‌ಜಡ್ಜರಾಗಿ ನೇಮಕಗೊಂಡರು.

ಕೊಲ್ಲಾಪುರದ ದಿನಗಳ ಒಂದು ಪ್ರಸಂಗವನ್ನು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ರಾನಡೆಯವರ ಮುಂದೆ ನಡೆಯುತ್ತಿದ್ದ ವ್ಯಾಜ್ಯವೊಂದರ ಪಕ್ಷಗಾರರು ಗೋವಿಂದರಾಯರಿಗೆ ಬೇಕಾದವರು. ಅವರು ತಂದೆಯ ಮೂಲಕ ಬಂದು, ಕಾಗದ ಪತ್ರಗಳನ್ನು ಒಮ್ಮೆ ಮನೆಯಲ್ಲಿಯೇ ನೋಡಬೇಕೆಂದು ಕೇಳಿಕೊಂಡರು. ತಂದೆಯ ಮಾತನ್ನು ದೈವದ ಮಾತೆಂದು ತಿಳಿದ ಕಾಲ ಅದು. ರಾನಡೆಯವರು ಎದುರು ಮಾತಾಡಲಿಲ್ಲ, ಪತ್ರಗಳನ್ನೂ ಮುಟ್ಟಲಿಲ್ಲ. ಇಂಥ ಸಂದರ್ಭಗಳು ಬರುತ್ತಲೇ ಇದ್ದರೆ ಈ ಊರನ್ನೇ ಬಿಟ್ಟು ಹೋಗಬೇಕಾದೀತೆಂದು ವಿನಯದಿಂದ ತಿಳಿಸಿದರು. ಮಗನ ಮನಸ್ಸನ್ನು ಅರಿತ ತಂದೆ ಮುಂದೆ ಯಾರ ಶಿಫಾರಸನ್ನೂ ತರಲಿಲ್ಲ. ಲಂಚವನ್ನು ನಿರಾಕರಿಸುವವರನ್ನು ಲೋಕ ಕಂಡಿದೆ. ಪ್ರೀತಿಯ ರೂಪದಲ್ಲಿ ಮನೆಯೊಳಗೇ ಬರುವ ಒತ್ತಾಯವನ್ನು ಯಾರ ಮನಸ್ಸನ್ನೂ ನೋಯಿಸದೆ ನಿರಾಕರಿಸುವುದು ಅದಕ್ಕಿಂತ ಬಿರುಸಾದ ವ್ರತ.

ರಾನಡೆಯವರು ಕೈಗೊಂಡ ಮುಖ್ಯ ಕಾರ್ಯವನ್ನು ತಿಳಿಯಬೇಕಾದರೆ ಅಂದಿನ ದಖ್ಖಣದ ಸಾಲದ ಸ್ಥಿತಿಯನ್ನು ನೋಡಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಈ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು, ರೈತರು ಕೊಟ್ಟಷ್ಟನ್ನೂ ಪಡೆದರು. ಯುದ್ಧ ಮುಗಿದು ಬೆಲೆ ಕುಸಿಯಿತು. ಅದೇ ಕಾಲಕ್ಕೆ ಸರಕಾರದ ಭೂಕಂದಾಯ ಏರಿತು. ಹಳೆಯ ಸಾಲ ತೀರಲಿಲ್ಲ, ಹೊಸ ಸಾಲ ಹುಟ್ಟಲಿಲ್ಲ.

ಇದರ ಮೇಲೆ 1859ರ ಕಾಲಮಿತಿ ಕಾಯ್ದೆಯೊಂದು ಇತ್ತು. ನೋಂದಣಿಯಾಗದ ಸಾಲಪತ್ರದ ಮೇಲೆ ಮೂರು ವರ್ಷಗಳೊಳಗೆ ದಾವೆ ಹೂಡಬೇಕೆಂದು ಅದು ವಿಧಿಸಿತ್ತು. ಹಳೆಯ ಸಾಲದ ಭೂತ ರೈತನನ್ನು ಕಾಡದಿರಲೆಂಬುದು ಶಾಸನಕಾರರ ಉದ್ದೇಶ. ಆದದ್ದು ಬೇರೆ. ಮೂರು ವರ್ಷ ತುಂಬುವ ಮೊದಲೇ ಸಾಹುಕಾರನು ಅಸಲು ಬಡ್ಡಿಗಳನ್ನು ಕೂಡಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದನು. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ನೂರು ರೂಪಾಯಿಗೆ ವರ್ಷಕ್ಕೆ 24 ರೂಪಾಯಿ ಬಡ್ಡಿಯಂತೆ ಮೂರು ವರ್ಷಕ್ಕೆ 172 ರೂಪಾಯಿ ಆಗುತ್ತದೆ. ಆ 172ನ್ನೇ ಅಸಲೆಂದು ಹೊಸ ಪತ್ರ ಬರೆದರೆ ಆರನೆಯ ವರ್ಷದ ಕೊನೆಗೆ ಸುಮಾರು 296 ರೂಪಾಯಿ. ಮತ್ತೊಮ್ಮೆ ಬರೆದರೆ ಒಂಬತ್ತನೆಯ ವರ್ಷದ ಕೊನೆಗೆ ಸುಮಾರು 509 ರೂಪಾಯಿ. ಬಡ್ಡಿಯ ಬಾಕಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟದ ಹಳೆಯ ಧರ್ಮಶಾಸ್ತ್ರನಿಯಮ ಮುಂಬಯಿ ಪ್ರಾಂತ್ಯದಲ್ಲಿ ಮಾನ್ಯವಾಗಿಯೇ ಇತ್ತು. ಆದರೆ ಪತ್ರ ಹೊಸದಾದಾಗಲೆಲ್ಲ ಬಡ್ಡಿಯೇ ಅಸಲಿನ ವೇಷ ತೊಡುತ್ತಿದ್ದುದರಿಂದ ಆ ನಿಯಮಕ್ಕೆ ಹಿಡಿತವೇ ಸಿಗುತ್ತಿರಲಿಲ್ಲ. ನ್ಯಾಯಾಲಯದ ಮುಂದೆ ಬರುತ್ತಿದ್ದುದು ಕೊನೆಯ ಪತ್ರವೊಂದೇ. ಓದು ಬರಹ ಬಾರದ ರೈತನು ಹಾಜರಾಗುತ್ತಿರಲಿಲ್ಲ, ಏಕಪಕ್ಷೀಯವಾಗಿ ಡಿಕ್ರಿಯಾಗುತ್ತಿತ್ತು. ಅಲ್ಲಿ ಯಾರೂ ಕಾನೂನನ್ನು ಮುರಿದಿರಲಿಲ್ಲ. ಆದರೂ ಕೊಟ್ಟ ನೂರು ಐದು ನೂರಾಗಿತ್ತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಸಂತೆಯಲ್ಲಿ ರೈತರು ಸಾಹುಕಾರರ ಅಂಗಡಿ ಮನೆಗಳ ಮೇಲೆ ಏರಿಹೋದರು. ಪುಣೆ ಮತ್ತು ಅಹಮದನಗರ ಜಿಲ್ಲೆಗಳ ಅನೇಕ ಹಳ್ಳಿಗಳಿಗೆ ಗಲಭೆ ಹಬ್ಬಿತು. ಅವರು ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು ಮತ್ತು ಲೆಕ್ಕದ ವಹಿಗಳನ್ನು. ಅವನ್ನು ರಾಶಿ ಹಾಕಿ ಸುಟ್ಟರು. ಪತ್ರಗಳನ್ನು ತಾವಾಗಿಯೇ ಕೊಟ್ಟವರಿಗೆ ಹೆಚ್ಚಿನ ತೊಂದರೆ ಆಗಲಿಲ್ಲ. ಈ ಸಾಹುಕಾರರಲ್ಲಿ ಬಹುಮಂದಿ ಮಾರವಾಡ ಮತ್ತು ಗುಜರಾತಗಳಿಂದ ಬಂದು ನೆಲೆಸಿದವರು. ಅವರಲ್ಲಿ ವೈಷ್ಣವರಿದ್ದರು, ಜೈನರೂ ಇದ್ದರು. ಕೀಟಕ್ಕೂ ನೋವಾಗದಿರಲೆಂದು ನೀರನ್ನು ಸೋಸಿ ಕುಡಿಯುವ ಮನೆಗಳ ಕೀರ್ದಿ ಪುಸ್ತಕಗಳು ಊರ ನಡುವೆ ಸುಡಲ್ಪಟ್ಟವೆಂಬುದನ್ನು ಸಮಾಜ ಮರೆಯಬಾರದು. ಸಾಹುಕಾರರೆಲ್ಲರೂ ಕೆಟ್ಟವರಾಗಿದ್ದರೆಂದು ಇದರ ಅರ್ಥವಲ್ಲ. ಕಂದಾಯದ ಭಾರ, ಮಳೆಯ ಅಭಾವ, ಬೆಲೆಯ ಕುಸಿತ ಇವೆಲ್ಲ ಸೇರಿಯೇ ಆ ಕಿಡಿ ಹೊತ್ತಿತು. ಆದರೂ ಕಿಚ್ಚು ಹತ್ತಿದ್ದು ಪತ್ರಕ್ಕೆ. ಪತ್ರದ ಮೇಲಿನ ನಂಬಿಕೆ ಅದಕ್ಕೂ ಮೊದಲೇ ಸುಟ್ಟುಹೋಗಿತ್ತು.

ಮರುವರ್ಷವೇ, 1876ರಿಂದ 1878ರವರೆಗೆ, ದೊಡ್ಡ ಕ್ಷಾಮ ಬಂದಿತು. ಅಂದು ಕಲಾದಗಿ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಇಂದಿನ ವಿಜಯಪುರ ಬಾಗಲಕೋಟೆಗಳ ಸೀಮೆ ಅದರ ಹೊಡೆತಕ್ಕೆ ತತ್ತರಿಸಿತು. 1872ರಲ್ಲಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಬಹಳ ಇಳಿದಿತ್ತು. ಇಂಥ ಹಿನ್ನೆಲೆಯಲ್ಲಿ 1879ರಲ್ಲಿ ದಖ್ಖಣ ರೈತರ ಪರಿಹಾರ ಕಾಯ್ದೆ ಜಾರಿಗೆ ಬಂದಿತು. ಮೊದಲು ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಾಂತ್ಯದ ಇತರ ಜಿಲ್ಲೆಗಳಿಗೂ ಅದರ ವ್ಯಾಪ್ತಿ ಹಬ್ಬಿತು.

ಆ ಕಾಯ್ದೆಯ ಹೃದಯ ಒಂದೇ ಮಾತಿನಲ್ಲಿತ್ತು: ನ್ಯಾಯಾಧೀಶನು ಪತ್ರದ ಮೇಲಿನ ಮೊಬಲಗನ್ನು ನೋಡಿ ಸುಮ್ಮನಾಗಬಾರದು. ಉಭಯ ಪಕ್ಷದವರನ್ನೂ ಕರೆದು ಕೇಳಬೇಕು. ವ್ಯವಹಾರ ಮೊದಲಾದ ದಿನದಿಂದ ಎಷ್ಟು ಕೊಟ್ಟದ್ದು, ಎಷ್ಟು ಬಂದದ್ದು, ಅಸಲೆಷ್ಟು, ಬಡ್ಡಿಯೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವಂತಿಲ್ಲ. ತೀರಿಸುವ ಶಕ್ತಿಯನ್ನು ನೋಡಿ ಕಂತುಗಳನ್ನು ಗೊತ್ತುಪಡಿಸಬಹುದು. ದಾವೆಗೆ ಮೊದಲು ಊರಿನ ಸಂಧಾನಕಾರರ ಮುಂದೆ ಹೋಗಬೇಕು. ಹಣ ಪಡೆದರೆ ರಸೀದಿ ಕೊಡಬೇಕು. ಸಾಲಗಾರನು ಕೇಳಿದರೆ ವರ್ಷಕ್ಕೊಮ್ಮೆ ಲೆಕ್ಕದ ತಖ್ತೆಯನ್ನು ಬರೆದು ಕೊಡಬೇಕು. ಈ ಕೆಳ ನ್ಯಾಯಾಲಯಗಳ ಕೆಲಸವನ್ನು ಊರೂರಿಗೆ ಹೋಗಿ ಪರಿಶೀಲಿಸಲು, ತಪ್ಪಾದಲ್ಲಿ ತಿದ್ದಲು ಒಬ್ಬ ವಿಶೇಷ ನ್ಯಾಯಾಧೀಶನಿರಬೇಕು.

1881ರಲ್ಲಿ ರಾನಡೆಯವರು ಈ ವಿಶೇಷ ನ್ಯಾಯಾಧೀಶರಾಗಿದ್ದ ಡಾಕ್ಟರ್ ಪೋಲನ್ನರ ಸಹಾಯಕರಾಗಿ ನೇಮಕಗೊಂಡರು. 1884ರಲ್ಲಿ ಪುಣೆಯ ಸ್ಮಾಲ್ ಕಾಜ್ ಕೋರ್ಟಿನ ನ್ಯಾಯಾಧೀಶರಾದರು. ಅಂಗಡಿಕಾರರ, ಕೂಲಿಕಾರರ, ಚಿಲ್ಲರೆ ವ್ಯಾಪಾರಿಗಳ ಸಣ್ಣ ಬಾಕಿಗಳ ನ್ಯಾಯಾಲಯವದು. 1887ರಲ್ಲಿ ತಾವೇ ವಿಶೇಷ ನ್ಯಾಯಾಧೀಶರಾಗಿ 1893ರವರೆಗೆ ಆ ಹೊಣೆಯನ್ನು ಹೊತ್ತರು. ವರ್ಷದ ಬಹುಭಾಗ ಸಂಚಾರದಲ್ಲಿಯೇ ಕಳೆಯುತ್ತಿತ್ತು. ತಾಲೂಕು ಕೋರ್ಟುಗಳ ಕಡತಗಳನ್ನು ಬಿಚ್ಚಿ, ಒಂದೊಂದು ಸಾಲದ ಇತಿಹಾಸವನ್ನು ಹಿಂದಕ್ಕೆ ಹಿಂದಕ್ಕೆ ಓದಿ, ಲೆಕ್ಕ ತಪ್ಪಿದ ಕಡೆ ತಿದ್ದುವ ಈ ಕೆಲಸದಲ್ಲಿ ಕೀರ್ತಿಗೆ ಎಡೆಯಿರಲಿಲ್ಲ. ದೃಷ್ಟಿದೋಷದಿಂದ ಬಳಲುತ್ತಿದ್ದ ಅವರಿಗೆ ಅದು ದೇಹಶ್ರಮವೂ ಆಗಿತ್ತು. ಪತ್ನಿ ರಮಾಬಾಯಿಯವರು ಸಂಚಾರದಲ್ಲಿ ಜೊತೆಗಿರುತ್ತಿದ್ದರು. 1910ರಲ್ಲಿ ಪ್ರಕಟವಾದ ಅವರ ಮರಾಠಿ ನೆನಪುಗಳ ಪುಸ್ತಕದಲ್ಲಿ ಆ ದಿನಗಳ ಚಿತ್ರ ಉಳಿದಿದೆ.

ಅದೇ ನೆನಪುಗಳಿಂದ ಬಂದ ಮಾವಿನ ಹಣ್ಣಿನ ಪ್ರಸಂಗವೊಂದು ಮನೆಮಾತಾಗಿದೆ. ಹಣ್ಣು ಬಹಳ ರುಚಿಯಾಗಿದೆಯೆಂದು ಹೊಗಳಿದ ರಾನಡೆಯವರು ಒಂದೆರಡು ಹೋಳುಗಳನ್ನಷ್ಟೇ ತಿಂದು ಕೈ ತೊಳೆದರು. ರುಚಿಯಾಗಿದ್ದರೆ ಇನ್ನಷ್ಟು ತಿನ್ನಬಾರದೇಕೆಂಬ ಪ್ರಶ್ನೆಗೆ, ನಾಲಗೆಯ ಚಪಲಕ್ಕೆ ಅಧೀನವಾಗಬಾರದೆಂಬ ಭಾವದ ಉತ್ತರ ಬಂದಿತು. ಇತರರ ಆಸೆಯನ್ನು ಅಳೆಯುವ ಕುರ್ಚಿಯಲ್ಲಿ ಕುಳಿತವನು ಮೊದಲು ತನ್ನ ಆಸೆಗೆ ಪರಿಮಾಣ ಕಟ್ಟಿಕೊಂಡಿರಬೇಕು. ಶ್ರಾವಕರು ಪರಿಗ್ರಹ ಪರಿಮಾಣವೆಂದು ಕರೆಯುವ ವ್ರತವನ್ನು ಅವರು ಆ ಹೆಸರಿಲ್ಲದೆಯೇ ಪಾಲಿಸಿದರು.

ಅವರ ನಿಷ್ಪಕ್ಷಪಾತಕ್ಕೆ ಕಠಿಣ ಪರೀಕ್ಷೆಯೂ ಬಂದಿತ್ತು. 1879ರಲ್ಲಿ ವಾಸುದೇವ ಬಲವಂತ ಫಡಕೆಯವರ ದಂಗೆಯ ಕಾಲದಲ್ಲಿ ಪುಣೆಯ ವಿದ್ಯಾವಂತರ ಮೇಲೆಲ್ಲ ಸರಕಾರದ ಸಂಶಯದ ಕಣ್ಣು ಬಿದ್ದಿತು. ರಾನಡೆಯವರನ್ನು ಧುಳೆಗೆ ವರ್ಗಾಯಿಸಲಾಯಿತು. ಅಲ್ಲಿ ಅವರ ಟಪಾಲನ್ನು ಒಡೆದು ನೋಡಲಾಗುತ್ತಿತ್ತೆಂದೂ, ದಂಗೆಕೋರರ ಹೆಸರಿನಲ್ಲಿ ಬಂದ ಕಾಗದಗಳನ್ನು ಅವರು ಪೊಲೀಸರಿಗೇ ಕಳಿಸಿಬಿಡುತ್ತಿದ್ದರೆಂದೂ ಚರಿತ್ರಕಾರರು ಬರೆದಿದ್ದಾರೆ. ಕಾರಣವಿಲ್ಲದೆ ಶಂಕೆಗೆ ಗುರಿಯಾದವರು ಕಹಿಯಾಗುವುದು ಸಹಜ. ರಾನಡೆಯವರು ಕಹಿಯಾಗಲಿಲ್ಲ; ಸರಕಾರವನ್ನು ಓಲೈಸಲೂ ಇಲ್ಲ. ಎರಡೇ ವರ್ಷಗಳಲ್ಲಿ ಅದೇ ಸರಕಾರ ರೈತರ ಸಾಲದಂಥ ಸೂಕ್ಷ್ಮ ಹೊಣೆಯನ್ನು ಅವರಿಗೆ ಒಪ್ಪಿಸಿತು.

ಇನ್ನು ಅವರ ದೊಡ್ಡ ಗುಣವೆಂದರೆ ಸಾಹುಕಾರನನ್ನೂ ದ್ವೇಷಿಸದಿದ್ದುದು. ರೈತರ ದುಃಸ್ಥಿತಿಯನ್ನು ಕಣ್ಣಾರೆ ಕಂಡವರು ಸಾಲ ಕೊಟ್ಟವನೇ ರಾಕ್ಷಸನೆಂದು ತೀರ್ಮಾನಿಸುವುದು ಸುಲಭವಿತ್ತು. ಅನೇಕ ಇಂಗ್ಲಿಷ್ ಅಧಿಕಾರಿಗಳು ಹಾಗೆಯೇ ಬರೆದರು. ಅದರಿಂದ ಕಂದಾಯದ ಭಾರದ ಪ್ರಶ್ನೆ ಮರೆಯಾಗುತ್ತಿತ್ತು. ರಾನಡೆಯವರು ಪುಣೆಯ ಸಾರ್ವಜನಿಕ ಸಭೆಯ ಮೂಲಕವೂ, 1878ರಲ್ಲಿ ಆರಂಭವಾದ ಅದರ ತ್ರೈಮಾಸಿಕದ ಮೂಲಕವೂ ಕಂದಾಯದ ಹೊರೆಯತ್ತ ಮತ್ತೆ ಮತ್ತೆ ಗಮನ ಸೆಳೆದರು. ರೈತನಿಗೆ ಬೀಜ ಬೇಕು, ಎತ್ತು ಬೇಕು, ಬರದ ವರ್ಷ ಕಾಳು ಬೇಕು. ಸಾಲ ಕೊಡುವವನು ಊರು ಬಿಟ್ಟು ಹೋದರೆ ಅವನ ಜಾಗದಲ್ಲಿ ಯಾರು ಎಂಬ ಪ್ರಶ್ನೆಯನ್ನು ಅವರು ಎದುರಿಸಿದರು. ಗ್ರಾಮೀಣ ಸಾಲವ್ಯವಸ್ಥೆಯ ಪುನರ್ರಚನೆಯ ಬಗೆಗೆ ಅವರು ಬರೆದ ಪ್ರಬಂಧದ ಸಾರ ಇದೇ: ಸಾಲ ಮತ್ತು ಬಂಡವಾಳಗಳು ನಿಲ್ಲಬಾರದು, ಬ್ಯಾಂಕುಗಳಂಥ ಸುಸಂಘಟಿತ ಸಂಸ್ಥೆಗಳ ಮೂಲಕ ಅವು ನ್ಯಾಯವಾದ ಬಡ್ಡಿಗೆ ದೊರೆಯಬೇಕು.

ಕಾಯ್ದೆಯ ಮಿತಿಗಳೂ ಕಾಲಕ್ರಮದಲ್ಲಿ ತೋರಿದವು. ನ್ಯಾಯಾಲಯ ಸಾಲಪತ್ರದ ಹಿಂದೆ ನೋಡುತ್ತದೆಂದು ತಿಳಿದ ಕೆಲವರು ಅಡವು ಪತ್ರಕ್ಕೆ ಬದಲಾಗಿ ಕ್ರಯಪತ್ರವನ್ನೇ ಬರೆಸಿಕೊಂಡು, ಹೊಲ ಹಿಂದಿರುಗಿಸುವ ಮಾತನ್ನು ಬಾಯಿಮಾತಿನಲ್ಲಿ ಇಟ್ಟರು. ಇನ್ನೊಂದು ಕಡೆ, ರೈತನೆಂಬ ಹೆಸರಿನ ಆಶ್ರಯದಲ್ಲಿ ಪಡೆದ ಹಣವನ್ನೇ ಇಲ್ಲವೆನ್ನುವ ಸಾಲಗಾರರೂ ಹುಟ್ಟಿಕೊಂಡರು. ಸಂಧಾನಕಾರರ ವ್ಯವಸ್ಥೆ ಎಲ್ಲೆಡೆಯೂ ಸಫಲವಾಗಲಿಲ್ಲ. ಒಳ್ಳೆಯ ಸಂಧಾನಕಾರನಿದ್ದ ಊರಲ್ಲಿ ಅದು ಫಲಿಸಿತು, ಇಲ್ಲದ ಊರಲ್ಲಿ ಇನ್ನೊಂದು ಬಾಗಿಲಾಯಿತು. ಶಾಸನವೊಂದೇ ಮನುಷ್ಯನನ್ನು ಸತ್ಯವಂತನನ್ನಾಗಿ ಮಾಡಲಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ರಾನಡೆಯವರೂ ದೋಷಾತೀತರಲ್ಲ. ವಿಧವಾ ವಿವಾಹವನ್ನು ಎತ್ತಿಹಿಡಿದ ಅವರು, 1873ರಲ್ಲಿ ಮೊದಲ ಪತ್ನಿ ತೀರಿಕೊಂಡಾಗ ತಂದೆಯ ಒತ್ತಾಯಕ್ಕೆ ಮಣಿದು 11 ವರ್ಷದ ಕನ್ಯೆಯನ್ನು ವರಿಸಿದರು. ತಂದೆಯ ಮೂಲಕ ಬಂದ ವ್ಯಾಜ್ಯದ ಪತ್ರವನ್ನು ಮುಟ್ಟದಿದ್ದ ದೃಢತೆ ಇಲ್ಲಿ ಉಳಿಯಲಿಲ್ಲ. ಅಂದಿನವರು ಟೀಕಿಸಿದರು; ಆ ಟೀಕೆ ನ್ಯಾಯವಾದುದೇ ಆಗಿತ್ತು. ಆ ಬಾಲಿಕೆಗೆ ಅವರು ತಾವೇ ವಿದ್ಯೆ ಕಲಿಸಿದರು. ಮುಂದೆ ಅದೇ ರಮಾಬಾಯಿಯವರು 1909ರಲ್ಲಿ ಪುಣೆಯ ಸೇವಾಸದನವನ್ನು ಕಟ್ಟಿ ಸಾವಿರಾರು ಸ್ತ್ರೀಯರಿಗೆ ಆಸರೆಯಾದರು. ದೋಷ ಇದರಿಂದ ಅಳಿಯುವುದಿಲ್ಲ. ಹಿರಿಯರ ಚರಿತ್ರೆಯನ್ನು ಓದುವಾಗ ಜಮೆಯನ್ನೂ ಖರ್ಚನ್ನೂ ಎರಡು ಬದಿಗೆ ಬರೆದೇ ನೋಡಬೇಕು.

1893ರಲ್ಲಿ ಕಾಶೀನಾಥ ತ್ರ್ಯಂಬಕ ತೆಲಂಗರ ಅಕಾಲ ಮರಣದಿಂದ ತೆರವಾದ ಸ್ಥಾನಕ್ಕೆ ರಾನಡೆಯವರು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. 1901ರ ಜನವರಿ 16ರಂದು ಕಾಲವಾದರು. ಅವರು ಬಯಸಿದ ಸುಸಂಘಟಿತ ಸಾಲದ ಮಾರ್ಗಕ್ಕೆ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಾಗಿಲು ತೆರೆಯಿತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಕೋರ್ಟಿನಲ್ಲಿ ಸಾಲದ ದಾವೆಗಳನ್ನು ಕಂಡವರೇ ಹೊರಗೆ ಬಂದು ನ್ಯಾಯವಾದ ಸಾಲದ ಸಂಸ್ಥೆಯನ್ನು ಕಟ್ಟಿದರೆಂಬುದು ಈ ಊರಿಗೆ ಹೆಮ್ಮೆಯ ಸಂಗತಿ.

ಕಾಲ ಬದಲಾಗಿದೆ. ಅಥಣಿಯ ಹಾದಿಯ ತಿಕೋಟಾ, ಜಮಖಂಡಿಯ ಹಾದಿಯ ಬಬಲೇಶ್ವರ ಇಂದು ತಾಲೂಕು ಕೇಂದ್ರಗಳು. ಜೋಳ ಹತ್ತಿಗಳ ಜೊತೆಗೆ ದ್ರಾಕ್ಷಿ ಬಂದಿದೆ. ಬೇಸಿಗೆಯಲ್ಲಿ ಸಾಲು ಸಾಲು ಶೆಡ್ಡುಗಳಲ್ಲಿ ಹಣ್ಣು ಒಣಗಿ ಒಣದ್ರಾಕ್ಷಿಯಾಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ದೊರೆಯುತ್ತದೆ. ಅದು ಶೀತಲಗೃಹ ಸೇರಿ ಬೆಲೆಗಾಗಿ ಕಾಯುತ್ತದೆ. ವಿಜಯಪುರದಲ್ಲಿಯೂ, ಗಡಿಯಾಚೆಯ ತಾಸಗಾಂವ ಸಾಂಗಲಿಗಳಲ್ಲಿಯೂ ಮಾರಾಟವಾಗುತ್ತದೆ. ಬೆಳೆದವನು, ಕಾದಿಟ್ಟವನು, ಮುಂಗಡ ಕೊಟ್ಟವನು, ದಲಾಲಿ, ಖರೀದಿದಾರ ಎಂದು ಒಂದು ಪೆಟ್ಟಿಗೆಯ ಹಿಂದೆ ಐದಾರು ಕೈಗಳಿವೆ. ತೂಕ, ತರಗತಿ, ಪಾವತಿಯ ದಿನ, ಕಡಿತದ ದರ ಇವುಗಳಲ್ಲಿ ಎಷ್ಟೋ ಮಾತು ಇಂದಿಗೂ ಚೀಟಿಯ ಮೇಲೆ, ಬಾಯಿಯ ಮೇಲೆ, ಫೋನಿನ ಮೇಲೆ ನಡೆಯುತ್ತದೆ. ಆ ಮಾತು ಮುರಿದಾಗ ವ್ಯಾಜ್ಯ ಹುಟ್ಟುತ್ತದೆ.

ಇಂಥ ವ್ಯಾಜ್ಯಗಳಿಗಾಗಿ ಸಂಸತ್ತು 2015ರಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯನ್ನು ಮಾಡಿತು. ಮೊದಲು ಒಂದು ಕೋಟಿ ರೂಪಾಯಿ ಮತ್ತು ಮೇಲಿನ ವಿವಾದಗಳಿಗಷ್ಟೇ ಅನ್ವಯಿಸುತ್ತಿದ್ದ ಅದು 2018ರ ತಿದ್ದುಪಡಿಯಿಂದ ಮೂರು ಲಕ್ಷ ರೂಪಾಯಿಯ ಮಟ್ಟಕ್ಕೆ ಇಳಿದು ಸಾಮಾನ್ಯ ವರ್ತಕನ ಬಾಗಿಲಿಗೂ ಬಂದಿತು. ಸಮನ್ಸ್ ತಲುಪಿದ 120 ದಿನಗಳ ಬಳಿಕ ಪ್ರತಿವಾದಿಯ ಉತ್ತರವನ್ನು ಸ್ವೀಕರಿಸುವಂತಿಲ್ಲ. ಪಕ್ಷಗಾರನು ತನ್ನ ಹೇಳಿಕೆ ಸತ್ಯವೆಂದು ಪ್ರಮಾಣಪೂರ್ವಕ ಘೋಷಣೆ ಕೊಡಬೇಕು. ವಾದ ಮುಗಿದ 90 ದಿನಗಳೊಳಗೆ ತೀರ್ಪು ಬರಬೇಕು. ತುರ್ತು ಪರಿಹಾರ ಬೇಡದ ದಾವೆಗಳಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕೆಂಬ ವಿಧಿಯನ್ನೂ ಅದೇ ತಿದ್ದುಪಡಿ ಸೇರಿಸಿತು. ಅದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ದಾವೆಗೆ ಮೊದಲು ಸಂಧಾನ, ಪತ್ರದ ಜೊತೆಗೆ ಸತ್ಯದ ಘೋಷಣೆ: 1879ರ ಕಾಯ್ದೆ ತಡಕಾಡಿ ಹುಡುಕಿದ ದಾರಿಯ ಹೊಸ ರೂಪವೇ ಇದು. ಅಂದಿನಂತೆ ಇಂದೂ ಅದರ ಫಲ ನ್ಯಾಯಾಸನದಲ್ಲಿ ಕುಳಿತವರ ಶೀಲವನ್ನೂ, ಅದರ ಮುಂದೆ ನಿಂತವರ ಶೀಲವನ್ನೂ ಅವಲಂಬಿಸಿದೆ.

ಈ ಎರಡನೆಯವರ ಶೀಲದ ಬಗೆಗೆ ಜೈನಾಚಾರ್ಯರು ಬಹು ಹಿಂದೆಯೇ ಹೇಳಿಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳನ್ನು ಹೆಸರಿಸುತ್ತದೆ. ಸುಳ್ಳು ಪತ್ರ ಬರೆಯುವುದು ಮೊದಲನೆಯದು. ನಂಬಿ ಇಟ್ಟ ಒತ್ತೆಯನ್ನು ಜಾರಿಸಿಕೊಳ್ಳುವುದು ಎರಡನೆಯದು. ಅಚೌರ್ಯದ ಅತಿಚಾರಗಳಲ್ಲಿ ಹೆಚ್ಚು ಕಡಿಮೆ ತೂಕ ಅಳತೆಗಳೂ, ಕಲಬೆರಕೆಯ ವ್ಯವಹಾರವೂ ಸೇರಿವೆ. ವಾಣಿಜ್ಯ ನ್ಯಾಯಾಲಯದ ಒಂದು ದಿನದ ದಾವೆಗಳ ಪಟ್ಟಿಯನ್ನು ತೆಗೆದುಕೊಂಡರೆ ಅದರಲ್ಲಿ ಬಹುಪಾಲು ಈ ನಾಲ್ಕರೊಳಗೇ ಬಂದುಬಿಡುತ್ತವೆ. ನ್ಯಾಸಾಪಹಾರದ ವಿವರಣೆಯಲ್ಲಿ ವ್ಯಾಖ್ಯಾನಕಾರರು ಒಂದು ಸೂಕ್ಷ್ಮವನ್ನು ತೋರಿಸುತ್ತಾರೆ. ಒತ್ತೆ ಇಟ್ಟವನು ಮರೆತು ಕಡಿಮೆ ಮೊತ್ತವನ್ನು ಕೇಳಿದಾಗ, ಅಷ್ಟೇ ಹೌದೆಂದು ಕೊಟ್ಟು ಕಳಿಸುವುದೂ ಅತಿಚಾರವೇ. ಯಾವ ಕೋರ್ಟೂ ಆ ತಪ್ಪನ್ನು ಹಿಡಿಯಲಾರದು, ಏಕೆಂದರೆ ಕೇಳುವವನಿಗೇ ಅದು ತಿಳಿಯದು. ರಾನಡೆಯವರಂಥವರ ದೃಷ್ಟಿಯೂ ಮುಟ್ಟಲಾರದ ಆ ಜಾಗದಲ್ಲಿ ಶ್ರಾವಕನು ತನಗೆ ತಾನೇ ನ್ಯಾಯಾಧೀಶನಾಗಬೇಕು.

ನ್ಯಾಸವೆಂಬ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ಇಂದು ಟ್ರಸ್ಟ್ ಎನ್ನುವುದನ್ನೂ ನ್ಯಾಸವೆಂದೇ ಕರೆಯುತ್ತಾರೆ. ಬಸದಿಗೆ, ಪಾಠಶಾಲೆಗೆ, ವಿದ್ಯಾರ್ಥಿನಿಲಯಕ್ಕೆ ದಾನಿಗಳು ಕೊಟ್ಟ ಹೊಲ, ಮಳಿಗೆ, ಠೇವಣಿಗಳೆಲ್ಲ ಒತ್ತೆಗಳೇ. ಕೊಟ್ಟವರಲ್ಲಿ ಅನೇಕರು ಕಾಲವಾಗಿದ್ದಾರೆ. ಲೆಕ್ಕ ಕೇಳಲು ಅವರು ಬರುವುದಿಲ್ಲ. ಒಬ್ಬ ಧರ್ಮದರ್ಶಿಯು ದಾನದ ಹೊಲವನ್ನು ಬಂಧುವಿಗೆ ಕಡಿಮೆ ಲಾವಣಿಗೆ ಕೊಟ್ಟನೆಂದು ಭಾವಿಸೋಣ. ಪತ್ರ ಕ್ರಮಬದ್ಧವಾಗಿಯೇ ಇರುತ್ತದೆ, ಠರಾವೂ ಆಗಿರುತ್ತದೆ, ಲೆಕ್ಕ ಪರಿಶೋಧಕರ ಸಹಿಯೂ ಬಿದ್ದಿರುತ್ತದೆ. ಪತ್ರದ ಹಿಂದಿನ ಲೆಕ್ಕವನ್ನು ಓದುವವನು ಮಾತ್ರ ಅದನ್ನು ನ್ಯಾಸಾಪಹಾರವೆಂದು ಗುರುತಿಸಬಲ್ಲನು.

1879ರ ಕಾಯ್ದೆ ರೈತನಿಗೆ ಕೊಟ್ಟ ಹಕ್ಕುಗಳಲ್ಲಿ ಬಹಳ ಸರಳವಾದದ್ದು ಕೇಳಿದಾಗ ದೊರೆಯುವ ವಾರ್ಷಿಕ ಲೆಕ್ಕದ ತಖ್ತೆ. ಅದನ್ನು ಕೇಳುವ ಮೊದಲೇ ಕೊಡುವುದು ವ್ಯಾಪಾರಿ ಮನೆತನಗಳಿಗೂ ಧರ್ಮಸಂಸ್ಥೆಗಳಿಗೂ ಕಷ್ಟದ ಕೆಲಸವಲ್ಲ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಮನೆ ಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಆದ ಅಪರಾಧಗಳಿಗೆ ಕ್ಷಮೆ ಬೇಡುವ ಪದ್ಧತಿ ಸಮಾಜದಲ್ಲಿದೆ. ತಿಕೋಟಾದ ಬೆಳೆಗಾರನಿಗೆ ವಿಜಯಪುರದ ಅಡತಿಯಿಂದ ಅದೇ ದಿನ ವರ್ಷದ ಲೆಕ್ಕದ ಒಂದು ಹಾಳೆ, ಅಸಲು ಬೇರೆ ಬಡ್ಡಿ ಬೇರೆ, ತೂಕ ಬೇರೆ ಕಡಿತ ಬೇರೆ ಎಂದು ಬರೆದು ಹೋಗಲಿ. ಬಸದಿಯ ಸಭಾಮಂಟಪದಲ್ಲಿ ಅದೇ ದಿನ ನ್ಯಾಸದ ಜಮಾ ಖರ್ಚನ್ನು ಹೊಲಗಳ ಲಾವಣಿ ಸಮೇತ ಗಟ್ಟಿಯಾಗಿ ಓದಲಿ. ತಪ್ಪು ಕಂಡವರು ಹೇಳಲಿ, ಮಾಡಿದವರು ತಿದ್ದಿಕೊಳ್ಳಲಿ. ಅಲ್ಲಿಯೇ ಇತ್ಯರ್ಥವಾದ ಲೆಕ್ಕ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ.